ಭಂಗಾರವೋ? ಬಂಗಾರವೋ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಮುಂಬಯಿಗೆ ಹೊಸದಾಗಿ ಬಂದ ಪ್ರತಿ ಕನ್ನಡಿಗನೂ ಒಮ್ಮೆಯಾದರೂ ಬೆಚ್ಚಿಬಿದ್ದಿರುತ್ತಾನೆ. ಬೆಳಗ್ಗೆ ಕಟ್ಟಡದ ಕೆಳಗೆ ಯಾರೋ ಕೈಗಾಡಿ ತಳ್ಳಿಕೊಂಡು "ಭಂಗಾರ್... ಭಂಗಾರ್..." ಎಂದು ಕೂಗುತ್ತಾರೆ. ನಮ್ಮ ಕಿವಿಗೆ ಅದು ಬಂಗಾರ! ಈ ಊರಿನಲ್ಲಿ ಚಿನ್ನವನ್ನು ಕೈಗಾಡಿಯಲ್ಲಿಟ್ಟು ಮಾರುತ್ತಾರೆಯೇ ಎಂದು ಕಿಟಕಿಗೆ ಓಡಿ ನೋಡಿದರೆ, ಗಾಡಿಯ ತುಂಬ ತುಕ್ಕು ಹಿಡಿದ ಕಬ್ಬಿಣ, ಮುರಿದ ಬಕೆಟ್ಟು, ಹಳೆಯ ಫ್ಯಾನು. ಮರಾಠಿಯ ಭಂಗಾರ ಎಂದರೆ ಗುಜರಿ, ಕನ್ನಡದ ಬಂಗಾರ ಎಂದರೆ ಚಿನ್ನ. ಒಂದು ಮಹಾಪ್ರಾಣದ ವ್ಯತ್ಯಾಸ, ಅಷ್ಟೇ.

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಎರಡೂ ಒಟ್ಟಿಗೆ ಕೂಡಿಕೊಂಡಿರುವ ಒಂದು ಜಾಗದ ಬಗ್ಗೆ. ಆ ಜಾಗ ನಿಮ್ಮ ಮನೆಯಲ್ಲೂ ಇದೆ. ಟಿ.ವಿ. ಇಟ್ಟ ಷೋಕೇಸಿನ ಕೆಳಗೋ, ಕಪಾಟಿನ ನಡುವೆಯೋ, ಅಡುಗೆಮನೆಯ ಒಟ್ಟೆಯ ಪಕ್ಕದಲ್ಲೋ ಒಂದು ಡ್ರಾಯರ್. ನೆರೆಮನೆಯ ಮರಾಠಿ ಕಾಕು ಅದನ್ನು 'ಖಣ್' ಎನ್ನುತ್ತಾರೆ. ನಮ್ಮಲ್ಲಿ ಖಾನೆ ಎನ್ನುವವರಿದ್ದಾರೆ. ಹೆಸರು ಏನೇ ಇರಲಿ, ಅದರ ನಿಜವಾದ ಹೆಸರು 'ಸದ್ಯಕ್ಕೆ ಅಲ್ಲಿರಲಿ'. ಏಕೆಂದರೆ ಎಲ್ಲಿಡಬೇಕೆಂದು ತಿಳಿಯದ ಪ್ರತಿಯೊಂದು ವಸ್ತುವನ್ನೂ ನಾವು ಹಾಗೆಂದೇ ಅದರೊಳಗೆ ಹಾಕುತ್ತೇವೆ.

ಅದರಲ್ಲಿ ಏನೇನಿರುತ್ತದೆ? ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಏಳೆಂಟು ಬೀಗದ ಕೈಗಳು. ಬಾಯಿ ಒಣಗಿದ ಫೆವಿಕ್ವಿಕ್. ಮೂರು ಬ್ಯಾಟರಿ ಸೆಲ್ಲು, ಅದರಲ್ಲಿ ಯಾವುದು ಹೊಸದು ಯಾವುದು ಸತ್ತದ್ದು ಎಂದು ದೇವರಿಗೇ ಗೊತ್ತು. ಅವಧಿ ಮುಗಿದ ರೈಲ್ವೆ ಪಾಸು, ಈಗ ಎಲ್ಲೂ ನಡೆಯದ ಸಿ.ವಿ.ಎಂ. ಕೂಪನ್ನಿನ ಅರ್ಧ ಪುಸ್ತಕ. ಅರ್ಧ ಸ್ಟ್ರಿಪ್ ಮಾತ್ರೆ. ಮದುವೆ ಕರೆಯೋಲೆ. ಊರಿನ ದೇವಸ್ಥಾನದ ಕುಂಕುಮದ ಪೊಟ್ಟಣ. ಹಳೆಯ ಮೊಬೈಲು, ಅದಕ್ಕೆ ಹೊಂದದ ಚಾರ್ಜರು. ಸುಣ್ಣದಂತೆ ಪುಡಿಯಾಗುವ ರಬ್ಬರ್ ಬ್ಯಾಂಡು. ಇವುಗಳ ಅಡಿಯಲ್ಲಿ, ನಾಲ್ಕಾಗಿ ಮಡಿಸಿಟ್ಟ ಎಲ್.ಐ.ಸಿ. ರಸೀದಿ, ಮಗುವಿನ ಜನನ ಪ್ರಮಾಣಪತ್ರ, ಅಪ್ಪನ ಶಾಲೆಯ ದಾಖಲೆ. ಭಂಗಾರದ ಅಡಿಯಲ್ಲಿ ಬಂಗಾರ!

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆ ನಮ್ಮಲ್ಲಿದೆ. "ರೀ, ಪ್ಯಾನ್ ಕಾರ್ಡ್ ಎಲ್ಲಿಟ್ಟಿದ್ದೀರಿ?" "ಅಲ್ಲೇ ಡ್ರಾಯರಿನಲ್ಲಿದೆ ನೋಡೇ." "ನೋಡಿದೆ, ಇಲ್ಲ." "ಸರಿಯಾಗಿ ನೋಡು." ಈ ಸಂಭಾಷಣೆ ನಡೆಯದ ಮನೆ ಇದ್ದರೆ ಅವರು ಈ ಕ್ಷಣವೇ ರೇಡಿಯೋ ಆರಿಸಬಹುದು. ಉಳಿದವರು ಹತ್ತಿರ ಬನ್ನಿ.

ನಾನು ಇವತ್ತು ಹೆಚ್ಚಾಗಿ ಬದಲಾಪುರದ ಕಡೆಯ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಡೊಂಬಿವಲಿ, ಕಲ್ಯಾಣ್, ಥಾಣೆ, ನವಿ ಮುಂಬಯಿಯವರು ಇದು ತಮ್ಮದೇ ಎಂದುಕೊಳ್ಳಿ. ಬದಲಾಪುರ ಎಂಬ ಹೆಸರಿಗೆ ಅಲ್ಲಿನವರು ಹೇಳುವ ಕಥೆ ಒಂದಿದೆ: ಹಿಂದಿನ ಕಾಲದಲ್ಲಿ ದೂರ ಪ್ರಯಾಣದ ಸವಾರರು ಇಲ್ಲಿ ದಣಿದ ಕುದುರೆಗಳನ್ನು ಬಿಟ್ಟು ಹೊಸ ಕುದುರೆ ಬದಲಾಯಿಸಿಕೊಳ್ಳುತ್ತಿದ್ದರಂತೆ, ಅದಕ್ಕೇ ಬದಲಾಪುರ. ಚರಿತ್ರೆ ಏನೇ ಹೇಳಲಿ, ಕಥೆ ಚೆನ್ನಾಗಿದೆ. ಕುದುರೆ ಬದಲಾಯಿಸುವ ಸವಾರ ಒಂದು ಕೆಲಸ ಮಾಡಲೇಬೇಕು: ಜೀನಿನ ಚೀಲ ಬಿಚ್ಚಿ, ಮುಂದಕ್ಕೆ ಬೇಕಾದದ್ದನ್ನು ಮಾತ್ರ ಹೊಸ ಕುದುರೆಯ ಮೇಲೆ ಹೇರಬೇಕು. ನಮ್ಮವರೂ ಹಾಗೆಯೇ. ಮಾಟುಂಗದ ಕೋಣೆಯಿಂದ ಡೊಂಬಿವಲಿಯ ಬಾಡಿಗೆ ಮನೆಗೆ, ಅಲ್ಲಿಂದ ಬದಲಾಪುರದ ಸ್ವಂತ ಫ್ಲಾಟಿಗೆ ಬಂದವರು. ಹನ್ನೊಂದು ತಿಂಗಳ ಲೀವ್ ಆಂಡ್ ಲೈಸೆನ್ಸ್ ಮುಗಿದಾಗಲೆಲ್ಲ ಗಂಟುಮೂಟೆ ಕಟ್ಟಿದವರು. ಆದರೆ ಆ ಡ್ರಾಯರನ್ನು ಮಾತ್ರ ಬಿಚ್ಚಲಿಲ್ಲ. ಇಡಿಯಾಗಿ ಒಂದು ಚೀಲಕ್ಕೆ ಸುರಿದು, ಹೊಸ ಮನೆಯಲ್ಲಿ ಇಡಿಯಾಗಿ ಇನ್ನೊಂದು ಡ್ರಾಯರಿಗೆ ಸುರಿದೆವು.

ಇದರಿಂದ ಏನು ನಷ್ಟ, ಒಂದು ಡ್ರಾಯರ್ ಹೇಗಿದ್ದರೆ ಏನು ಎಂದು ಕೇಳಬಹುದು. 2005ರ ಜುಲೈ 26 ನೆನಪಿದೆಯಲ್ಲ? ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ. ಕರ್ಜತ್ ಕಡೆಯಿಂದ ಹರಿದು ಬರುವ ಉಲ್ಹಾಸ್ ನದಿ ಉಕ್ಕಿ ಬದಲಾಪುರ, ಕಲ್ಯಾಣ್ ಕಡೆಯ ತಗ್ಗು ಪ್ರದೇಶಗಳ ಮನೆಗಳಿಗೆ ನೀರು ನುಗ್ಗಿತು. ಮತ್ತೆ 2019ರ ಜುಲೈ 27ರಂದು, ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೊರಟಿದ್ದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ ಮತ್ತು ವಾಂಗಣಿ ನಡುವೆ ಪ್ರವಾಹದ ನೀರಿನಲ್ಲಿ ನಿಂತುಹೋಯಿತು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಎನ್.ಡಿ.ಆರ್.ಎಫ್. ಮತ್ತು ಸೇನಾಪಡೆಗಳವರು ಪಾರು ಮಾಡಬೇಕಾಯಿತು. ನಿಪ್ಪಾಣಿ, ಬೆಳಗಾವಿ ಕಡೆಗೆ ಹೋಗುವ ನಮ್ಮವರಿಗೆ ಆ ಗಾಡಿ ಚೆನ್ನಾಗಿ ಗೊತ್ತು.

ನೀರು ಹೊಸ್ತಿಲು ದಾಟಿ ಒಳಗೆ ಬರುವಾಗ ಮನುಷ್ಯನಿಗೆ ಸಿಗುವುದು ಹತ್ತು ನಿಮಿಷ. ಮಕ್ಕಳನ್ನು, ವಯಸ್ಸಾದವರನ್ನು ಮೇಲಿನ ಮಹಡಿಗೆ ಕಳಿಸಬೇಕು, ಮೇನ್ ಸ್ವಿಚ್ ಆರಿಸಬೇಕು, ಗ್ಯಾಸ್ ಬಂದ್ ಮಾಡಬೇಕು. ಉಳಿದ ಎರಡು ನಿಮಿಷದಲ್ಲಿ ಕಾಗದಪತ್ರ ಎತ್ತಿಕೊಳ್ಳಬೇಕು. ಆಗ ನಿಮ್ಮ ಕೈಗೆ ಏನು ಸಿಗುತ್ತದೆ, ಮನೆಯ ಅಗ್ರಿಮೆಂಟೋ, ಒಣಗಿದ ಫೆವಿಕ್ವಿಕ್ಕೋ? ನೆರೆಯೇ ಬರಬೇಕೆಂದಿಲ್ಲ. ಮನೆಯ ಹಿರಿಯರಿಗೆ ಇದ್ದಕ್ಕಿದ್ದಂತೆ ಎದೆನೋವು ಬಂದರೆ ಆರೋಗ್ಯ ವಿಮೆಯ ಕಾರ್ಡು ಬೇಕು. ಮನೆಯ ಯಜಮಾನ ಬೆಳಗಿನ ಐದು ಗಂಟೆಯ ಲೋಕಲ್ ಹಿಡಿದು ಹೋಗಿದ್ದಾನೆ, ಇಲ್ಲಿಂದ ಸಿ.ಎಸ್.ಎಂ.ಟಿ. ಸುಮಾರು 68 ಕಿಲೋಮೀಟರ್ ದೂರ. ಅವನು ಬಂದು ಹುಡುಕಿಕೊಡುವ ತನಕ ಯಾವ ಕಾಯಿಲೆಯೂ ಕಾಯುವುದಿಲ್ಲ.

ನಮ್ಮ ಹಿರಿಯರು ಇದನ್ನು ಹೇಗೆ ನಿಭಾಯಿಸುತ್ತಿದ್ದರು? ಬಿ.ಎ.ಗೆ ಕನ್ನಡ ಓದುವಾಗ 'ಕಡತ' ಎಂಬ ಪದದ ಮೂಲ ತಿಳಿದು ನನಗೆ ತುಂಬಾ ಸಂತೋಷವಾಗಿತ್ತು. ಇವತ್ತು ಕಡತ ಎಂದರೆ ಸರಕಾರಿ ಕಚೇರಿಯ ಫೈಲು. ಆದರೆ ಹಿಂದೆ ಅದೊಂದು ನಿಜವಾದ ವಸ್ತು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಕರಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಶೃಂಗೇರಿ ಮಠದ ಹಳೆಯ ಕಡತಗಳು ಇತಿಹಾಸಕಾರರಿಗೆ ಇವತ್ತಿಗೂ ಆಕರ. ಇನ್ನು ಸಾಮಾನ್ಯರ ಮನೆಗಳಲ್ಲಿ ಗೋಡೆಯ ಗೂಡು, ಜಂತಿಯ ಸಂದು, ಅಜ್ಜಿಯ ಟ್ರಂಕು. ವಸ್ತು ಕಡಿಮೆ, ಜಾಗ ಗೊತ್ತು. ಕತ್ತಲಲ್ಲಿ ಕೈ ಹಾಕಿದರೂ ಬೇಕಾದದ್ದು ಸಿಗುತ್ತಿತ್ತು.

ಅಷ್ಟು ಹಿಂದೆ ಏಕೆ? ನಿಮ್ಮ ಅಡುಗೆಮನೆಯಲ್ಲೇ ಒಂದು ಮಾದರಿ ಇದೆ, ಒಗ್ಗರಣೆ ಡಬ್ಬಿ. ಆರೇಳು ಬಟ್ಟಲು, ಒಂದು ಚಮಚ. ಸಾಸಿವೆ, ಜೀರಿಗೆ, ಮೆಂತ್ಯ, ಅರಿಸಿನ. ಆ ಡಬ್ಬಿ ಎಂದಾದರೂ ಗೋಜಲಾದದ್ದು ನೋಡಿದ್ದೀರಾ? ಕಾರಣ ಮೂರು. ಒಂದು, ಪ್ರತಿ ವಸ್ತುವಿಗೂ ಅದರದೇ ಬಟ್ಟಲಿದೆ. ಎರಡು, ಬಟ್ಟಲು ಚಿಕ್ಕದು, ಹಿಡಿಸುವಷ್ಟೇ ಹಾಕುತ್ತೇವೆ. ಮೂರು, ದಿನಾ ತೆರೆಯುತ್ತೇವೆ. ಡ್ರಾಯರಿಗೂ ಇದೇ ಮೂರು ನಿಯಮ ಸಾಕು.

ಅಂಬರನಾಥ, ಬದಲಾಪುರ, ಡೊಂಬಿವಲಿಯ ಎಂ.ಐ.ಡಿ.ಸಿ.ಗಳಲ್ಲಿ ಕೆಲಸ ಮಾಡುವ ಕೇಳುಗರು ಈಗ ನಗುತ್ತಿರಬಹುದು. ಅನೇಕ ಕಾರ್ಖಾನೆಗಳ ಗೋಡೆಯ ಮೇಲೆ 'ಫೈವ್ ಎಸ್' ಎಂಬ ಫಲಕ ಇರುತ್ತದೆ. ಜಪಾನಿನ ಕಾರ್ಖಾನೆಗಳಿಂದ ಬಂದ ಪದ್ಧತಿ ಅದು. ಸೇರಿ, ಸೇಯ್ಟೊನ್, ಸೇಸೊ, ಸೇಕೆತ್ಸು, ಶಿತ್ಸುಕೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೇಕು-ಬೇಡ ವಿಂಗಡಿಸು, ಜಾಗ ಗೊತ್ತುಮಾಡು, ಒರೆಸು, ಅದನ್ನೇ ಪದ್ಧತಿ ಮಾಡು, ಪದ್ಧತಿ ಬಿಡಬೇಡ. ಪಾಳಿಯಲ್ಲಿ ಪಾನಾ, ಸ್ಕ್ರೂಡ್ರೈವರುಗಳನ್ನು ನಕ್ಷೆ ಬರೆದ ಹಲಗೆಯ ಮೇಲೆ ಇಡುವವರೇ ಮನೆಗೆ ಬಂದು ಅದೇ ಸ್ಕ್ರೂಡ್ರೈವರಿಗಾಗಿ ಡ್ರಾಯರ್ ಕೆದಕುತ್ತಾರೆ. ಕಾರ್ಖಾನೆಯ ಶಿಸ್ತನ್ನು ಒಂದು ದಿನ ಮನೆಗೆ ತನ್ನಿ ಎಂದಷ್ಟೇ ನನ್ನ ವಿನಂತಿ.

ಆ ದಿನ ಯಾವುದು? ಮೆಗಾಬ್ಲಾಕ್ ಇರುವ ಭಾನುವಾರ! ಎಲ್ಲಿಗೂ ಹೋಗಲಾಗದ ದಿನವನ್ನು ರೈಲ್ವೆಯವರೇ ನಮಗೆ ಉಡುಗೊರೆಯಾಗಿ ಕೊಟ್ಟಿದ್ದಾರೆ. ತಿಂಡಿ ಮುಗಿಸಿ, ನೆಲದ ಮೇಲೆ ಒಂದು ಹಳೆಯ ಚಾದರ ಹಾಸಿ, ಡ್ರಾಯರನ್ನು ಪೂರ್ತಿ ಸುರಿಯಿರಿ. ಒಳಗೇ ಕೆದಕಿ ಸರಿ ಮಾಡುತ್ತೇನೆ ಎನ್ನಬೇಡಿ. ಖಾಲಿ ಡ್ರಾಯರನ್ನು ಒರೆಸಿ, ಜಿರಳೆ ಮೊಟ್ಟೆ ಇದ್ದರೆ ತೆಗೆದು, ಅರ್ಧ ಗಂಟೆ ಗಾಳಿಗಿಡಿ. ಆಮೇಲೆ ಚಾದರದ ಮೇಲಿನದನ್ನು ಐದು ಗುಂಪು ಮಾಡಿ.

ಮೊದಲನೆಯದು ಬೀಗದ ಕೈಗಳು. ಮನೆಯ ಪ್ರತಿ ಬೀಗಕ್ಕೂ, ಪ್ರತಿ ಕಪಾಟಿಗೂ ಹಾಕಿ ನೋಡಿ. ಹೊಂದಿದ್ದಕ್ಕೆ ಅಂದೇ ಚೀಟಿ ಕಟ್ಟಿ. ಹೊಂದದ್ದನ್ನು ಒಂದು ಡಬ್ಬಿಗೆ ಹಾಕಿ, ಮೇಲೆ ಇಂದಿನ ತಾರೀಕು ಬರೆಯಿರಿ. ಕಾರ್ಖಾನೆಯಲ್ಲಿ ಕೆಂಪು ಚೀಟಿ ಅಂಟಿಸುವುದು ಇದಕ್ಕೇ. ಆರು ತಿಂಗಳು ಯಾರೂ ಕೇಳದಿದ್ದರೆ ಕೈಗಾಡಿಯವನಿಗೆ ಕೊಡಿ. ಊರಿನ ಮನೆಯ ಕೀಲಿ ಇದ್ದರೆ ಮಾತ್ರ ಬೇರೆ ತೆಗೆದಿಡಿ, ಅದಕ್ಕೆ ಬೀಗ ಇಲ್ಲಿ ಸಿಗುವುದಿಲ್ಲ.

ಎರಡನೆಯದು ದುಡ್ಡು. ಹೌದು, ಪ್ರತಿ ಡ್ರಾಯರಿನಲ್ಲೂ ದುಡ್ಡು ಸಿಗುತ್ತದೆ! 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಅವನ್ನು ಮಕ್ಕಳಿಗೆ ತೋರಿಸಲು ನಾಲ್ಕು ಇಟ್ಟುಕೊಳ್ಳಿ. ಆದರೆ 50 ಪೈಸೆ ರದ್ದಾಗಿಲ್ಲ, ಅಂಗಡಿಯವರು ಮುಖ ಸಿಂಡರಿಸಿದರೂ ಅದು ನಾಣ್ಯವೇ. 2016ರ ನವೆಂಬರ್ 8ರಂದು ರದ್ದಾದ ಹಳೆಯ 500, 1000ದ ನೋಟು ಸಿಕ್ಕಿದರೆ ಬ್ಯಾಂಕಿಗೆ ಒಯ್ಯಬೇಡಿ, ಪ್ರಯೋಜನವಿಲ್ಲ. 2017ರ ಕಾನೂನಿನ ಪ್ರಕಾರ ಅಂಥ ನೋಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೇ ಅಪರಾಧ. ಅಧ್ಯಯನ, ಸಂಗ್ರಹದ ಉದ್ದೇಶಕ್ಕಾದರೆ 25ರವರೆಗೆ ಇರಬಹುದು. 2000ದ ನೋಟಿನ ಮಾತು ಬೇರೆ. 2023ರ ಮೇ 19ರಂದು ರಿಸರ್ವ್ ಬ್ಯಾಂಕು ಅದನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿದರೂ ರದ್ದು ಮಾಡಲಿಲ್ಲ. ಬ್ಯಾಂಕುಗಳಲ್ಲಿ ಬದಲಾಯಿಸುವ ಅವಧಿ ಅದೇ ವರ್ಷದ ಅಕ್ಟೋಬರಿನಲ್ಲಿ ಮುಗಿದ ಮೇಲೆ, ಆ ಕೆಲಸಕ್ಕೆ ರಿಸರ್ವ್ ಬ್ಯಾಂಕಿನ 19 ಕಚೇರಿಗಳನ್ನು ಗೊತ್ತುಮಾಡಲಾಯಿತು. ಅವುಗಳಲ್ಲಿ ಒಂದು ನಮ್ಮ ನವಿ ಮುಂಬಯಿಯ ಬೇಲಾಪುರದ್ದು.

ಮೂರನೆಯದು ಬ್ಯಾಟರಿ ಮತ್ತು ವಿದ್ಯುತ್ ಸಾಮಾನು. ಇಲ್ಲಿ ಸ್ವಲ್ಪ ನಿಲ್ಲಬೇಕು. ಗುಂಡಿಯ ಹಾಗಿರುವ ಚಪ್ಪಟೆ ಸೆಲ್ಲುಗಳಿರುತ್ತವಲ್ಲ, ಗಡಿಯಾರದ್ದು, ರಿಮೋಟಿನದ್ದು, ಮಕ್ಕಳ ಆಟಿಕೆಯದ್ದು, ಅವು ಡ್ರಾಯರಿನ ಅತ್ಯಂತ ಅಪಾಯದ ವಸ್ತು. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಲ್ಲದು. 'ಸತ್ತ' ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಬೆಳಗಾಗಲಿ ಎನ್ನದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ. ಸೆಲ್ಲುಗಳನ್ನು ನಾಣ್ಯ, ಕೀಲಿಗಳ ಜತೆ ಇಡಬೇಡಿ, ಲೋಹ ತಾಗಿದರೆ ಬಿಸಿಯಾಗುತ್ತವೆ. ಹಳೆಯ ಮೊಬೈಲಿನ ಬ್ಯಾಟರಿ ಹಪ್ಪಳದಂತೆ ಉಬ್ಬಿದ್ದರೆ ಅದನ್ನು ಒತ್ತಬೇಡಿ, ಚುಚ್ಚಬೇಡಿ, ಮನೆಯಲ್ಲಿ ಇಟ್ಟುಕೊಳ್ಳಲೂ ಬೇಡಿ. ಇ-ತ್ಯಾಜ್ಯಕ್ಕೂ ಬ್ಯಾಟರಿ ತ್ಯಾಜ್ಯಕ್ಕೂ 2022ರಲ್ಲಿ ಬಂದ ನಿಯಮಗಳು, ಇವನ್ನು ಮರುಬಳಕೆಗೆ ಕಳಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಮೊಬೈಲ್ ಕೊಡುವ ಮೊದಲು ಒಳಗಿನ ಫೋಟೋ, ನಂಬರು ಅಳಿಸಿ. ಸಿಮ್ ತೆಗೆದಿರಾ ನೋಡಿ. ಆ ಹಳೆಯ ನಂಬರು ನಿಮ್ಮ ಬ್ಯಾಂಕ್ ಖಾತೆಗೆ ಜೋಡಣೆಯಾಗಿದ್ದರೆ ಮೊದಲು ಬ್ಯಾಂಕಿನಲ್ಲಿ ಬದಲಾಯಿಸಿ. ಬಳಸದೆ ಬಿಟ್ಟ ನಂಬರು ಕೆಲವು ತಿಂಗಳಲ್ಲಿ ಬೇರೆಯವರ ಕೈಗೆ ಹೋಗುತ್ತದೆ.

ನಾಲ್ಕನೆಯದು ಔಷಧಿ. ಕತ್ತರಿಸಿದ ಸ್ಟ್ರಿಪ್ಪಿನಲ್ಲಿ ತಾರೀಕಿನ ಭಾಗವೇ ಹೋಗಿರುತ್ತದೆ. ಹೆಸರು, ತಾರೀಕು ಎರಡೂ ಓದಲು ಬಾರದ ಮಾತ್ರೆಯನ್ನು ಯಾರಿಗೂ ಕೊಡಬೇಡಿ. ಹೋದ ವರ್ಷ ಉಳಿದ ಆಂಟಿಬಯೋಟಿಕ್ ಈ ವರ್ಷದ ಜ್ವರಕ್ಕೆ ಅಲ್ಲ. ಅವಧಿ ಮುಗಿದ ಔಷಧಿ, ಸೆಲ್ಲು, ಒಡೆದ ಪಾದರಸದ ಥರ್ಮಾಮೀಟರು ಇವುಗಳನ್ನು 2016ರ ಘನತ್ಯಾಜ್ಯ ನಿಯಮಗಳು ಅಪಾಯಕಾರಿ ಮನೆಕಸವೆಂದೇ ವಿಂಗಡಿಸಿದವು. ಆದ್ದರಿಂದ ಹಸಿ ಕಸದ ಜತೆ ಘಂಟಾಗಾಡಿಗೆ ಎಸೆಯದೆ, ಬೇರೆ ಪೊಟ್ಟಣ ಕಟ್ಟಿ, ಮೇಲೆ ಬರೆದು, ಗಾಡಿಯವರ ಕೈಗೆ ಹೇಳಿ ಕೊಡಿ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಕುದಿಸಿದ ಚಹಾಪುಡಿಯಲ್ಲಿ ಕಲಸಿಬಿಟ್ಟರೆ ಯಾರೂ ಆರಿಸಿ ತಿನ್ನಲಾರರು. ಉಳಿದ ಒಳ್ಳೆಯ ಔಷಧಿಗೆ ಡ್ರಾಯರ್ ಜಾಗವಲ್ಲ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಬೇರೆ ಡಬ್ಬಿ ಇರಲಿ.

ಐದನೆಯದು ಕಾಗದ. ಇದೇ ನಿಜವಾದ ಬಂಗಾರ, ಇಲ್ಲೇ ಹೆಚ್ಚು ಹೊತ್ತು ಬೇಕು. ಹೊರನಾಡ ಕನ್ನಡಿಗರಾದ ನಮಗೆ ಎರಡು ರಾಜ್ಯದ ಕಾಗದಗಳಿವೆ ಎಂಬುದನ್ನು ಮರೆಯಬಾರದು.

ಮಹಾರಾಷ್ಟ್ರದ ಕಾಗದ ಮೊದಲು. ಸ್ವಂತ ಫ್ಲಾಟಿದ್ದವರಿಗೆ ನೋಂದಾಯಿತ ಅಗ್ರಿಮೆಂಟು, ಇಂಡೆಕ್ಸ್ ಟು, ಸೊಸೈಟಿಯ ಶೇರ್ ಸರ್ಟಿಫಿಕೇಟು, ಸಾಲ ತೀರಿದ್ದರೆ ಬ್ಯಾಂಕಿನ ಎನ್.ಓ.ಸಿ. ಈ ನಾಲ್ಕು ಒಂದೇ ಕಡೆ ಇರಬೇಕು. ಇನ್ನು ಲೈಟ್ ಬಿಲ್ಲು. ಎಲ್ಲ ಪುಸ್ತಕಗಳೂ ಹಳೆಯ ಬಿಲ್ಲು ಎಸೆಯಿರಿ ಎನ್ನುತ್ತವೆ. ನಾನು ಹೇಳುತ್ತೇನೆ, ಎಲ್ಲವನ್ನೂ ಎಸೆಯಬೇಡಿ! ಇಲ್ಲಿ ಡೊಮಿಸೈಲ್ ಪ್ರಮಾಣಪತ್ರ ಬೇಕಾದಾಗ 15 ವರ್ಷದ ವಾಸ್ತವ್ಯಕ್ಕೆ ಸಾಕ್ಷಿ ಕೇಳುತ್ತಾರೆ. ಮಕ್ಕಳ ವೃತ್ತಿಶಿಕ್ಷಣದ ಪ್ರವೇಶದ ಸಮಯದಲ್ಲಿ ಆ ಕಾಗದಕ್ಕಾಗಿ ಓಡಾಡಿದವರಿಗೆ ಕಷ್ಟ ಗೊತ್ತು. ಆದ್ದರಿಂದ ವರ್ಷಕ್ಕೆ ಒಂದರಂತೆ ಲೈಟ್ ಬಿಲ್ಲು, ಬಾಡಿಗೆಯಲ್ಲಿದ್ದ ವರ್ಷಗಳ ಅಗ್ರಿಮೆಂಟು, ಮಕ್ಕಳ ಶಾಲೆಯ ದಾಖಲೆ ಇಟ್ಟುಕೊಳ್ಳಿ. ವರ್ಷದ ಉಳಿದ ಹನ್ನೊಂದು ಬಿಲ್ಲು ರದ್ದಿಗೆ ಹೋಗಲಿ. ಅದೊಂದು ಬಿಲ್ಲು ನಾವು ಇಲ್ಲಿ ಬದುಕಿದ್ದೇವೆ ಎಂಬುದಕ್ಕೆ ಗುರುತು.

ಕರ್ನಾಟಕದ ಕಾಗದ ಇನ್ನೊಂದು. ಊರಿನ ಹೊಲದ ಪಹಣಿ, ಉತಾರ ಈಗ 'ಭೂಮಿ'ಯ ಕಂಪ್ಯೂಟರಿನಲ್ಲಿ ಸಿಗುತ್ತದೆ, ಆದ್ದರಿಂದ ಹಳೆಯ ಪ್ರತಿ ಹರಿದರೆ ಗಾಬರಿ ಬೇಡ. ಆದರೆ ಪಾಲುಪತ್ರ, ಕ್ರಯಪತ್ರ, ತಂದೆಯ ಶಾಲೆಯ ದಾಖಲೆ ಇವುಗಳ ಮೂಲಪ್ರತಿ ಕಳೆದರೆ ಮತ್ತೆ ಮತ್ತೆ ಊರಿಗೆ ಅಲೆದಾಟ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಮೂಲದ ಕುಟುಂಬಗಳು ವಿಶೇಷವಾಗಿ ಗಮನಿಸಬೇಕು. ಸಂವಿಧಾನದ 371 ಜೆ ವಿಧಿಯಡಿ ಆ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ 2013ರಿಂದ ಇದೆ. ಅದಕ್ಕೆ ಅರ್ಹತೆ ಇದೆಯೇ ಎಂದು ನೋಡಲು ಮೂಲ ಊರಿನ ದಾಖಲೆ ಬೇಕು. ಅಪ್ಪನ ಆ ಹಳದಿಯಾದ ಕಾಗದ ಮಗಳ ಸೀಟು ಆಗಬಹುದು. ರದ್ದಿಯವನಿಗೆ ಅದು ನಾಲ್ಕು ಗ್ರಾಂ.

ಬ್ಯಾಂಕಿನ ಹಳೆಯ ಪಾಸ್‌ಬುಕ್ಕು, ಠೇವಣಿ ರಸೀದಿ ಸಿಕ್ಕಿದರೆ ಮುಗಿದುಹೋದದ್ದು ಎಂದು ಹರಿಯಬೇಡಿ. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆಯೇ ಹೊರತು ಮುಳುಗಿರುವುದಿಲ್ಲ, ವಾರಸುದಾರರು ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಇಂಥ ಖಾತೆ ಹುಡುಕಲು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ 'ಉದ್ಗಮ್' ಎಂಬ ತಾಣ ತೆರೆಯಿತು. ಮನೆಯಲ್ಲಿ ಮೊಬೈಲ್ ಬಲ್ಲ ಮಕ್ಕಳಿಗೆ ಹೇಳಿ, ಅಜ್ಜನ ಹೆಸರು ಹಾಕಿ ನೋಡಲಿ.

ರದ್ದಿಗೆ ಹಾಕುವಾಗ ಒಂದು ಎಚ್ಚರ. ಪ್ಯಾನ್, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಪ್ರತಿಗಳನ್ನು ಇಡಿಯಾಗಿ ಕೊಡಬೇಡಿ. ಚಿಕ್ಕದಾಗಿ ಹರಿದು, ನೀರಿನಲ್ಲಿ ನೆನೆಸಿ ಮುದ್ದೆ ಮಾಡಿ ಎಸೆಯಿರಿ. ಇಟ್ಟುಕೊಳ್ಳುವ ಕಾಗದದ ಸ್ಟೇಪಲ್ ಪಿನ್ನು ತೆಗೆಯಿರಿ. ನಮ್ಮ ಮಳೆಗಾಲದ ತೇವಕ್ಕೆ ಅದು ತುಕ್ಕು ಹಿಡಿದು ಕಾಗದ ತಿನ್ನುತ್ತದೆ. ನುಣುಪು ಕಾಗದದ ಅಂಗಡಿ ಬಿಲ್ಲಿನ ಅಕ್ಷರ ವರ್ಷದೊಳಗೆ ಮಾಯವಾಗುತ್ತದೆ. ಫ್ರಿಜ್ಜು, ಮಿಕ್ಸರಿನ ವಾರಂಟಿ ಬಿಲ್ಲಿನ ಫೋಟೋ ಕೊಂಡ ದಿನವೇ ತೆಗೆಯಿರಿ. ಮೂಲಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಮುಂದೆ ಹಿಂಬದಿಗೆ ಮೊಹರು ಬೀಳಬೇಕಾದರೆ ಬಿಡಿಸಲಾಗದು. ಕಾಗದ ಒದ್ದೆಯಾದರೆ ಅಂಟಿದ ಹಾಳೆಗಳನ್ನು ಎಳೆಯಬೇಡಿ. ನಡುನಡುವೆ ಹೀರುವ ಕಾಗದ ಇಟ್ಟು, ನೆರಳಿನಲ್ಲಿ ಫ್ಯಾನಿನ ಕೆಳಗೆ ನಿಧಾನವಾಗಿ ಒಣಗಿಸಿ. ಬಿಸಿಲಿಗೆ, ಇಸ್ತ್ರಿಗೆ ಅವಸರ ಬೇಡ. ಡಿಜಿಲಾಕರ್ 2015ರಿಂದ ಇದೆ, ಆಧಾರ್, ಪ್ಯಾನ್, ಲೈಸೆನ್ಸ್ ಅದರಲ್ಲಿದ್ದರೆ ಅರ್ಧ ಭಯ ಕಡಿಮೆ. ಆದರೆ ಪಾಲುಪತ್ರ ಅದರಲ್ಲಿ ತಾನಾಗಿ ಬರುವುದಿಲ್ಲ.

ಈಗ ಮುಖ್ಯ ಮಾತು. ಈ ಬಂಗಾರದ ಕಾಗದಗಳು ಮತ್ತೆ ಆ ಡ್ರಾಯರಿಗೆ ಹೋಗಬಾರದು. ಜಿಪ್ ಇರುವ ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದನ್ನು ಹೆಗಲಿಗೆ ಹಾಕಬಹುದಾದ ಒಂದು ಬ್ಯಾಗಿನಲ್ಲಿಟ್ಟು, ಕಪಾಟಿನ ಮೇಲಿನ ಅರೆಯಲ್ಲಿ ಇಡಿ. ನೆರೆ ಬಂದರೂ, ಆಸ್ಪತ್ರೆಗೆ ಹೊರಟರೂ ಆ ಒಂದು ಬ್ಯಾಗು ಎತ್ತಿದರೆ ಮುಗಿಯಿತು. ಅದರ ಮೇಲೊಂದು ಹಾಳೆ ಇರಲಿ: ಯಾವ ಬ್ಯಾಂಕು, ಯಾವ ವಿಮೆ, ನಾಮಿನಿ ಯಾರು, ಊರಿನ ಕಾಗದ ಯಾರ ಹತ್ತಿರ ಇದೆ, ತುರ್ತಿಗೆ ಯಾರಿಗೆ ಫೋನು. ಪಾಸ್‌ವರ್ಡ್ ಬರೆಯಬೇಡಿ. ಆ ಹಾಳೆಯನ್ನು ಮನೆಯಲ್ಲಿ ಎಲ್ಲರಿಗೂ ಓದಲು ಬರುವ ಭಾಷೆಯಲ್ಲಿ ಬರೆಯಿರಿ. ಅಜ್ಜಿಗೆ ಕನ್ನಡ ಮಾತ್ರ ಬರುತ್ತದೆ, ಮೊಮ್ಮಗನಿಗೆ ಮರಾಠಿ, ಇಂಗ್ಲಿಷ್ ಮಾತ್ರ ಬರುತ್ತದೆ ಎಂಬ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಎರಡು ಭಾಷೆಯಲ್ಲಿ ಬರೆದರೆ ತಪ್ಪೇನು? ಬರೆದು, ಮನೆಯವರನ್ನೆಲ್ಲ ಕೂರಿಸಿ ಒಮ್ಮೆ ಓದಿ ಹೇಳಿ. ಮನೆಯ ಒಬ್ಬರಿಗೆ ಮಾತ್ರ ಗೊತ್ತಿರುವ ಜಾಗ ಗುಪ್ತನಿಧಿ. ಆ ಒಬ್ಬರು ಇಲ್ಲದ ದಿನ ಉಳಿದವರು ಕಣ್ಣೀರಿನ ನಡುವೆ ಕಪಾಟು ಕೆದಕಬೇಕಾಗುತ್ತದೆ.

ಐದು ಗುಂಪಿಗೂ ಸೇರದ ಕೆಲವು ವಸ್ತುಗಳು ಚಾದರದ ಮೇಲೆ ಉಳಿಯುತ್ತವೆ. ತೀರಿಹೋದ ಮಾವನವರ ಕನ್ನಡಕ. ಮಗುವಿನ ಮೊದಲ ಹಲ್ಲು. ನಿಂತುಹೋದ ಎಚ್.ಎಂ.ಟಿ. ಗಡಿಯಾರ. ಊರಿನಿಂದ ಅಮ್ಮ ಕಳಿಸಿದ ಕೊನೆಯ ಇನ್‌ಲ್ಯಾಂಡ್ ಪತ್ರ. ಇವಕ್ಕೆ ಬೆಲೆ ಕಟ್ಟುವ ಹಕ್ಕು ಅದರ ಒಡೆಯರಿಗೆ ಮಾತ್ರ. ಸ್ವಚ್ಛ ಮಾಡುವ ಉತ್ಸಾಹದಲ್ಲಿ ಸೊಸೆ ಅತ್ತೆಯದನ್ನು, ಗಂಡ ಹೆಂಡತಿಯದನ್ನು ಕೇಳದೆ ಎಸೆಯಬಾರದು. "ಅತ್ತೇ, ಇದನ್ನು ಏನು ಮಾಡೋಣ?" ಎಂದು ಕೇಳಿ. ಅವರು ಒಂದು ಕಥೆ ಹೇಳುತ್ತಾರೆ. ಕೆಲವು ಸಲ ಕಥೆ ಹೇಳಿ ಮುಗಿಸಿದ ಮೇಲೆ ಅವರೇ "ಸಾಕು, ಕೊಟ್ಟುಬಿಡು" ಎನ್ನುತ್ತಾರೆ. ಕೆಲವು ಸಲ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಆಗ ಅದಕ್ಕೊಂದು ಪುಟ್ಟ ಡಬ್ಬಿ ಕೊಡಿ, ಮೇಲೆ ಅವರ ಹೆಸರು ಬರೆಯಿರಿ. ಒಂದು ಡಬ್ಬಿಯಷ್ಟು ನೆನಪಿಗೆ 400 ಚದರಡಿಯ ಮನೆಯಲ್ಲೂ ಜಾಗವಿದೆ.

ಕೊನೆಗೆ ಡ್ರಾಯರಿಗೆ ಏನು ವಾಪಸು? ದಿನಾ ಕೈಗೆ ಬೇಕಾದದ್ದು ಮಾತ್ರ. ಕತ್ತರಿ, ಪೆನ್ನು, ಅಳತೆ ಟೇಪು, ಟಾರ್ಚು, ಬೆಂಕಿಪೊಟ್ಟಣ, ಮೇಣದಬತ್ತಿ, ಸೂಜಿದಾರ, ಟೆಸ್ಟರು, ಒಂದು ಸ್ಕ್ರೂಡ್ರೈವರು. ದುಬಾರಿ ಆರ್ಗನೈಸರ್ ಕೊಳ್ಳಬೇಕಿಲ್ಲ. ಮಿಠಾಯಿ ಡಬ್ಬಿಯ ಮುಚ್ಚಳ, ಅಗರಬತ್ತಿ ಪೆಟ್ಟಿಗೆ, ಮೊಬೈಲ್ ಬಂದ ರಟ್ಟಿನ ಡಬ್ಬಿ ಇವನ್ನೇ ಕತ್ತರಿಸಿ ಒಗ್ಗರಣೆ ಡಬ್ಬಿಯ ಬಟ್ಟಲಿನಂತೆ ಜೋಡಿಸಿ. ಟಾರ್ಚು ಮಾತ್ರ ಎಲ್ಲಕ್ಕಿಂತ ಮುಂದೆ, ಬಲಗಡೆ ಇರಲಿ. ಕರೆಂಟು ಹೋದಾಗ ಕೈ ತಾನಾಗಿ ಅಲ್ಲಿಗೆ ಹೋಗಬೇಕು.

ಇದನ್ನು ಉಳಿಸಿಕೊಳ್ಳಲು ವರ್ಷಕ್ಕೆ ಎರಡು ದಿನ ಸಾಕು. ಒಂದು, ಮೃಗಶಿರಾ ಮಳೆ ಹಿಡಿಯುವ ಮೊದಲು, ಮೇ ತಿಂಗಳ ಕೊನೆಯ ಭಾನುವಾರ. ಅಂದು ಕಾಗದದ ಬ್ಯಾಗು ನೋಡಿ. ಇನ್ನೊಂದು ಆಯುಧಪೂಜೆಯ ಹಿಂದಿನ ದಿನ. ಕತ್ತರಿ, ಸ್ಕ್ರೂಡ್ರೈವರಿಗೆ ಹೇಗೂ ಅರಿಸಿನ ಕುಂಕುಮ ಇಡುತ್ತೇವಲ್ಲ, ಹಾಗೆಯೇ ಡ್ರಾಯರನ್ನೂ ಒಮ್ಮೆ ಸುರಿದು ಒರೆಸಿ.

ಮುಂದಿನ ಸಲ ಕೆಳಗೆ "ಭಂಗಾರ್" ಎಂಬ ಕೂಗು ಕೇಳಿದಾಗ ನೀವು ನಿಶ್ಚಿಂತೆಯಿಂದ ಚೀಲ ಹಿಡಿದು ಇಳಿಯುವಂತಾಗಲಿ. ಕೊಡುವ ಮೊದಲು ಚೀಲದೊಳಗೆ ಕೊನೆಯದಾಗಿ ಒಮ್ಮೆ ಕೈಯಾಡಿಸಿ ನೋಡಿ.